ಸೀನು ನಿಂತಿತು, ಮೂಗು ಬಿಡಲಿಲ್ಲ

ಬೆಂಗಳೂರಿನ ಯಾವ ಬಡಾವಣೆಯ ಮೆಡಿಕಲ್ ಸ್ಟೋರಿನ ಮುಂದೆ ಬೇಕಾದರೂ ಬೆಳಿಗ್ಗೆ ಸ್ವಲ್ಪ ಹೊತ್ತು ನಿಂತು ನೋಡಿ. ಕರ್ಚೀಫಿನಲ್ಲಿ ಮೂಗು ಒತ್ತಿಕೊಂಡ ಒಬ್ಬರಾದರೂ ಬಂದು ‘ಸಿಟ್ರಿಜಿನ್ ಕೊಡಿ’ ಎನ್ನುತ್ತಾರೆ. ವೈದ್ಯರ ಚೀಟಿ ಅವರ ಕೈಯಲ್ಲಿರುವುದಿಲ್ಲ, ಅಂಗಡಿಯವರು ಕೇಳುವುದೂ ಇಲ್ಲ. ಎದ್ದ ಕೂಡಲೇ ಸಾಲು ಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣಲ್ಲಿ, ಅಂಗುಳಲ್ಲಿ ನವೆ. ಬಿಸಿಲೇರಿದಂತೆ ಸೀನು ಕಡಿಮೆ, ರಾತ್ರಿಯಾದರೆ ಮೂಗು ಬಂದ್. ವರ್ಷಗಳಿಂದ ಹೀಗೇ ನಡೆದಿರುತ್ತದೆ. ಕೇಳಿದರೆ ‘ನನಗೆ ಡಸ್ಟ್ ಅಲರ್ಜಿ’, ಇಲ್ಲವೇ ‘ಸೈನಸ್ ಇದೆ’ ಎಂಬ ಉತ್ತರ. ಅದರ ಬೆನ್ನಿಗೇ ‘ಇದಕ್ಕೆ ಔಷಧಿ ಇಲ್ಲ ಬಿಡಿ, ಬೆಂಗಳೂರಿನ ಹವಾ’ ಎಂಬ ತೀರ್ಪು.

ಆ ತೀರ್ಪನ್ನು ಒಪ್ಪಬೇಕಾಗಿಲ್ಲ. ವೈದ್ಯರು ಅಲರ್ಜಿಕ್ ರೈನೈಟಿಸ್ ಎಂದು ಕರೆಯುವ ಈ ಕಾಯಿಲೆಗೆ ಒಳ್ಳೆಯ ಔಷಧಗಳಿವೆ, ಅವು ದಶಕಗಳಿಂದ ಬಳಕೆಯಲ್ಲಿವೆ. ನಾವು ಎಡವುತ್ತಿರುವುದು ಬೇರೆ ಕಡೆ. ತಿಂಗಳುಗಟ್ಟಲೆ ಉರಿಯುವ ಮೂಗನ್ನು ನಾಲ್ಕು ದಿನದ ನೆಗಡಿಯಂತೆ ಕಾಣುತ್ತೇವೆ. ಕಷ್ಟವಾದ ದಿನ ಮಾತ್ರೆ ನುಂಗುತ್ತೇವೆ, ಹಗುರಾದ ದಿನ ಮರೆಯುತ್ತೇವೆ. ನಿಜವಾಗಿ ಕೆಲಸ ಮಾಡುವ ಔಷಧವನ್ನು ಕಂಡರೆ ಮಾತ್ರ ಹೆದರುತ್ತೇವೆ.

ನೆಗಡಿ ವೈರಸ್‌ನಿಂದ ಬರುತ್ತದೆ. ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ತರುತ್ತದೆ, ವಾರ ಹತ್ತು ದಿನದಲ್ಲಿ ಹೊರಟುಹೋಗುತ್ತದೆ. ಅಲರ್ಜಿಯಲ್ಲಿ ಜ್ವರವಿಲ್ಲ. ಮೂಗಿನಿಂದ ಇಳಿಯುವುದು ತಿಳಿನೀರು, ಮತ್ತು ನವೆ ಬಹುತೇಕ ಇದ್ದೇ ಇರುತ್ತದೆ. ಹೂವಿನ ಪರಾಗವೋ ಹಾಸಿಗೆಯ ಧೂಳೋ ಮೂಗಿನೊಳಗೆ ಹೋದಾಗ ಅದನ್ನು ಶತ್ರುವೆಂದು ತಪ್ಪು ತಿಳಿದ ದೇಹ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಂಡಿರುತ್ತದೆ. ಆ ಪ್ರತಿಕಾಯಗಳು ಮೂಗಿನ ಒಳಪದರದ ಮಾಸ್ಟ್ ಕೋಶಗಳಿಗೆ ಅಂಟಿಕೊಂಡು ಕಾದಿರುತ್ತವೆ. ಅದೇ ಪರಾಗ ಮತ್ತೆ ಬಂದು ತಾಗಿದ ಕೆಲವೇ ನಿಮಿಷಗಳಲ್ಲಿ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಹಿಸ್ಟಮಿನ್ ನರವನ್ನು ಕೆಣಕಿದರೆ ಸೀನು, ನವೆ. ಗ್ರಂಥಿಗಳು ಕೆರಳಿದರೆ ನೀರು.

ಇಷ್ಟಕ್ಕೇ ಮುಗಿದಿದ್ದರೆ ಹಿಸ್ಟಮಿನ್ನನ್ನು ತಡೆಯುವ ಸಿಟ್ರಿಜಿನ್ ಒಂದೇ ಸಾಕಾಗುತ್ತಿತ್ತು. ಆದರೆ ನಾಲ್ಕರಿಂದ ಎಂಟು ಗಂಟೆಯ ಬಳಿಕ ಎರಡನೆಯ ಅಲೆ ಏಳುತ್ತದೆ. ಇಯೊಸಿನೊಫಿಲ್ ಮುಂತಾದ ಬಿಳಿ ರಕ್ತಕಣಗಳು ರಕ್ತನಾಳದಿಂದ ಹೊರಬಂದು ಮೂಗಿನ ಪದರದಲ್ಲಿ ಬೀಡುಬಿಡುತ್ತವೆ. ಪದರ ಊದಿಕೊಳ್ಳುತ್ತದೆ, ದಾರಿ ಕಟ್ಟುತ್ತದೆ. ಬೆಳಗಿನ ಸೀನು ಹೋಗಿ ಸಂಜೆಯ ಬಿಗಿತ ಬರುವುದಕ್ಕೆ ಒಂದು ಕಾರಣ ಇದು. ಊದಿದ ಆ ಪದರಕ್ಕೆ ಮರುದಿನ ಮೊದಲಿನಷ್ಟು ಪರಾಗವೂ ಬೇಕಾಗಿಲ್ಲ, ಚೂರೇ ಚೂರು ಸಾಕು. ‘ಮೊದಲು ಮನೆ ಗುಡಿಸುವಾಗ ಮಾತ್ರ ಸೀನು ಬರುತ್ತಿತ್ತು, ಈಗ ಯಾವುದಕ್ಕೆ ಬೇಕಾದರೂ ಬರುತ್ತದೆ’ ಎಂದು ರೋಗಿಗಳು ಹೇಳುವುದು ಉತ್ಪ್ರೇಕ್ಷೆಯಲ್ಲ. ಒಳಗಿನ ಉರಿಯೂತ ಆರಿಲ್ಲ, ಅಷ್ಟೇ.

ಈ ತಿಳಿವಳಿಕೆ ಬರಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲಾಕ್ಲಿ ಸ್ವತಃ ಈ ಕಾಯಿಲೆಯವರು. ಹುಲ್ಲಿನ ಪರಾಗವನ್ನು ತಮ್ಮದೇ ಮೂಗಿಗೆ, ಚರ್ಮಕ್ಕೆ ತಾಗಿಸಿಕೊಂಡು ಪರೀಕ್ಷಿಸಿದರು. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಗಾಳಿಪಟಕ್ಕೆ ಕಟ್ಟಿ ಮೇಲೆ ಹಾರಿಸಿ, ಎತ್ತರದ ಗಾಳಿಯಲ್ಲೂ ಪರಾಗವಿರುವುದನ್ನು ತೋರಿಸಿದರು. ಅವರ ಪುಸ್ತಕ ಬಂದದ್ದು 1873ರಲ್ಲಿ. ಐಜಿಇಯನ್ನು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಜಪಾನಿನ ಇಶಿಜಾಕಾ ದಂಪತಿ ಗುರುತಿಸಿದ್ದು 1966ರಲ್ಲಿ. ನಡುವೆ ತೊಂಬತ್ತಕ್ಕೂ ಹೆಚ್ಚು ವರ್ಷ.

ಇನ್ನು ನಮ್ಮ ಊರಿನ ಗಾಳಿಗೆ ಬರೋಣ. ಮಾರ್ಚಿನಲ್ಲಿ ಟಬೆಬುಯಾ, ಮೇನಲ್ಲಿ ಗುಲ್‌ಮೊಹರ್ ಬೆಂಗಳೂರಿನ ರಸ್ತೆಗಳನ್ನು ತುಂಬಿದಾಗ ಸೀನುವವರೆಲ್ಲ ಅವುಗಳತ್ತ ಬೆರಳು ತೋರಿಸುತ್ತಾರೆ. ಆ ಮರಗಳು ಬಹುಮಟ್ಟಿಗೆ ನಿರಪರಾಧಿಗಳು. ಬಣ್ಣದ ದೊಡ್ಡ ಹೂವು ಅರಳುವುದೇ ದುಂಬಿ, ಜೇನು, ಹಕ್ಕಿಗಳನ್ನು ಕರೆಯಲು. ಅಂಥ ಹೂವಿನ ಪರಾಗ ಅಂಟಾಗಿ ತೂಕವಾಗಿರುತ್ತದೆ, ಗಾಳಿಯಲ್ಲಿ ದೂರ ಹೋಗುವುದಿಲ್ಲ. ಮೂಗನ್ನು ಕಾಡುವುದು ಹೂವೆಂದು ಯಾರೂ ಗಮನಿಸದ ಹೂವುಗಳು: ಹುಲ್ಲು, ಸರ್ವೆ, ಹರಳು, ಕೀರೆ. ಇವು ಪರಾಗವನ್ನು ಗಾಳಿಗೆ ಬಿಡುತ್ತವೆ.

ಇವೆಲ್ಲವುಗಳ ಜೊತೆಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅಮೆರಿಕದಿಂದ ಬಂದ ಗೋಧಿಯೊಂದಿಗೆ ಇದು ಬಂತೆಂಬುದು ಪ್ರಚಲಿತ ನಂಬಿಕೆ. 1950ರ ದಶಕದ ನಡುವೆ ಪುಣೆಯಲ್ಲಿ ಗಮನಕ್ಕೆ ಬಂದ ಗಿಡ ಎರಡು ದಶಕಗಳೊಳಗೆ ಕರ್ನಾಟಕದ ಖಾಲಿ ಸೈಟು, ರೈಲು ಹಳಿ, ಹೊಲದ ಬದುಗಳನ್ನೆಲ್ಲ ಆಕ್ರಮಿಸಿತು. 1975ರಲ್ಲಿ ರಾಜ್ಯ ಸರ್ಕಾರ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಎಲೆ ತಿನ್ನುವ ಮೆಕ್ಸಿಕನ್ ದುಂಬಿಯನ್ನು ತಂದು ಬೆಂಗಳೂರಿನ ಸುತ್ತ ಬಿಟ್ಟರು. ದುಂಬಿ ನೆಲೆಯೂರಿತು, ಮಳೆಗಾಲದಲ್ಲಿ ಗಿಡಗಳನ್ನು ಬೋಳು ಮಾಡಿತು. ಆದರೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವಾಗ ದುಂಬಿಯೊಂದೇ ಏನು ಮಾಡೀತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಮೂಗಿನ ಅಲರ್ಜಿ ರೋಗಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗದವರ ಚರ್ಮ ಪಾರ್ಥೇನಿಯಂ ಪರಾಗಕ್ಕೆ ಕೆರಳಿತ್ತು. ಗಿಡ ಮುಟ್ಟಿದರೆ ಮೈ ಕಡಿತ ಬರುತ್ತದೆಂದು ಎಲ್ಲರಿಗೂ ಗೊತ್ತು. ಮುಟ್ಟದಿದ್ದರೂ ಅದು ಮೂಗಿಗೆ ತಲುಪುತ್ತದೆಂಬುದು ಅಷ್ಟಾಗಿ ಗೊತ್ತಿಲ್ಲ.

ಪರಾಗಕ್ಕೆ ಋತುವಿದೆ. ವರ್ಷವಿಡೀ ಸೀನುವವರು ಹೊರಗಿನ ಗಾಳಿಗಿಂತ ಮೊದಲು ತಮ್ಮ ಹಾಸಿಗೆಯನ್ನು ನೋಡಬೇಕು. ತೆಂಗಿಗೆ ಬೀಳುವ ನುಸಿಪೀಡೆಯನ್ನು ನಮ್ಮ ರೈತರು ಬಲ್ಲರು. ಅದೇ ವರ್ಗಕ್ಕೆ ಸೇರಿದ, ಮಿಲಿಮೀಟರಿನ ಕಾಲು ಭಾಗದಷ್ಟಿರುವ ಇನ್ನೊಂದು ನುಸಿ ಹಾಸಿಗೆ, ದಿಂಬು, ಸೋಫಾಗಳಲ್ಲಿ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಅದು ಕಚ್ಚುವುದಿಲ್ಲ. ಮೂಗನ್ನು ಕೆರಳಿಸುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೊಟೀನು. ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಹಾಗಾಗಿ ಕರಾವಳಿ, ಮಲೆನಾಡುಗಳ ಮನೆ ಅದಕ್ಕೆ ಸ್ವರ್ಗ, ಬೆಂಗಳೂರಿನ ಮಳೆಗಾಲವೂ ಹಿತ. ಜೂನಿನಲ್ಲಿ ಚಳಿಯೆಂದು ಅಟ್ಟದಿಂದಲೋ ಟ್ರಂಕಿನಿಂದಲೋ ಇಳಿಸಿ ಹಾಗೆಯೇ ಹೊದೆಯುವ ಕಂಬಳಿ, ಕೌದಿಗಳಲ್ಲಿ ವರ್ಷದ ಧೂಳು ಕೂತಿರುತ್ತದೆ.

ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ನುಸಿ ಸಾಯುತ್ತದೆ. ಹಾಸಿಗೆಯನ್ನು ಚುರುಕು ಬಿಸಿಲಿಗೆ ಹಾಕಿ ಒಣಗಿಸುವ ನಮ್ಮ ಅಜ್ಜಿಯರ ಪದ್ಧತಿ ನುಸಿಗೆ ಬೇಕಾದ ತೇವವನ್ನೇ ಕಿತ್ತುಕೊಳ್ಳುತ್ತದೆ. ಪೊರಕೆಯ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಮೇಲು. ಇಲ್ಲಿ ಒಂದು ಮಾತು ಹೇಳಲೇಬೇಕು. ಯುಗಾದಿ, ಗೌರಿ ಹಬ್ಬ, ದೀಪಾವಳಿ ಬಂತೆಂದರೆ ಮನೆಯ ಧೂಳು ಹೊಡೆಯುವ ಕೆಲಸ ಹೆಂಗಸರ ತಲೆಗೇ ಬೀಳುತ್ತದೆ, ಅವರಿಗೆ ಅಲರ್ಜಿ ಇದ್ದರೂ. ಹಬ್ಬದ ದಿನ ಕಣ್ಣು ಮೂಗು ಕೆಂಪಾಗಿಸಿಕೊಂಡೇ ಹೋಳಿಗೆ ಲಟ್ಟಿಸುವ ಎಷ್ಟೋ ತಾಯಂದಿರಿದ್ದಾರೆ. ಆ ಪೊರಕೆಯನ್ನು ಮನೆಯ ಇನ್ನೊಬ್ಬರು ಹಿಡಿಯುವುದು ಔಷಧದಷ್ಟೇ ಮುಖ್ಯ.

ಆದರೂ ಶುಚಿತ್ವವೊಂದರಿಂದಲೇ ಗುಣವಾದೀತೆಂಬ ಭರವಸೆ ಬೇಡ. ನುಸಿ ತಡೆಯುವ ದುಬಾರಿ ಹಾಸಿಗೆ ಕವಚಗಳ ಬಗ್ಗೆ ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಕವಚದಿಂದ ಹಾಸಿಗೆಯಲ್ಲಿನ ನುಸಿಯ ಅಂಶವೇನೋ ಇಳಿಯಿತು, ರೋಗಿಗಳ ಮೂಗು ಮಾತ್ರ ಸುಧಾರಿಸಲಿಲ್ಲ. ಜಾಹೀರಾತು ನಂಬಿ ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ನೆನಪಿಡಬೇಕು.

ಜಿರಳೆಯ ಪುಡಿ, ಬೆಕ್ಕು ನಾಯಿಗಳ ಮೈಹೊಟ್ಟು, ಗೋಡೆಯ ಬೂಷ್ಟು ಇವೂ ಅಲರ್ಜಿ ತರುತ್ತವೆ. ಕೆಲವರಿಗೆ ಕಸುಬೇ ಕಾರಣ: ಕರ್ನಾಟಕದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳ ಕಾರ್ಮಿಕರಲ್ಲಿ ಆಸ್ತಮಾ ಹೆಚ್ಚಿರುವುದನ್ನು 1980ರ ದಶಕದಲ್ಲೇ ಸಂಶೋಧಕರು ದಾಖಲಿಸಿದ್ದಾರೆ. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆ ಬತ್ತಿಯ ಹೊಗೆ, ಒಗ್ಗರಣೆಯ ಘಾಟು ಸಾಮಾನ್ಯವಾಗಿ ಅಲರ್ಜಿಯ ಮೂಲವಲ್ಲ. ಆದರೆ ಆಗಲೇ ಊದಿದ ಮೂಗನ್ನು ಅವು ಇನ್ನಷ್ಟು ಕೆರಳಿಸುತ್ತವೆ.

ಈಗ ಔಷಧದ ಮಾತು. ಸಿಟ್ರಿಜಿನ್, ಲಿವೊಸಿಟ್ರಿಜಿನ್, ಫೆಕ್ಸೊಫೆನಡಿನ್, ಬಿಲಾಸ್ಟಿನ್ ಇವೆಲ್ಲ ಹಿಸ್ಟಮಿನ್ನಿಗೆ ಅಡ್ಡ ನಿಲ್ಲುವ ಮಾತ್ರೆಗಳು. ಸೀನು, ನವೆ, ನೀರು ಸುರಿಯುವುದನ್ನು ಚೆನ್ನಾಗಿ ತಡೆಯುತ್ತವೆ, ಬೇಗ ತಡೆಯುತ್ತವೆ. ಮೂಗು ಕಟ್ಟುವುದಕ್ಕೆ ಮಾತ್ರ ಇವುಗಳ ಉಪಯೋಗ ಕಡಿಮೆ, ಏಕೆಂದರೆ ಆ ಊತ ಹಿಸ್ಟಮಿನ್ ಒಂದರದ್ದೇ ಅಲ್ಲ. ಹಳೆಯ ಕ್ಲೋರ್‌ಫೆನಿರಮಿನ್ ಇಂದಿಗೂ ನೆಗಡಿ ಮಾತ್ರೆಗಳಲ್ಲಿ ತುಂಬಿದೆ. ಅದು ಮಿದುಳಿಗೂ ಹೋಗಿ ಮಂಪರು ತರುತ್ತದೆ, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟಿಸಬಹುದು. ಗಾಡಿ ಓಡಿಸುವವರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಅದನ್ನು ಕೊಡಬಾರದು. ಸಿಟ್ರಿಜಿನ್ ಕೂಡ ಕೆಲವರಿಗೆ ನಿದ್ದೆ ಬರಿಸುತ್ತದೆ, ಫೆಕ್ಸೊಫೆನಡಿನ್‌ನಲ್ಲಿ ಅದು ಬಹಳ ಕಡಿಮೆ. ಫೆಕ್ಸೊಫೆನಡಿನ್ ಮಾತ್ರೆಯನ್ನು ಹಣ್ಣಿನ ರಸದೊಂದಿಗೆ ನುಂಗಿದರೆ ರಕ್ತಕ್ಕೆ ಸೇರುವ ಪ್ರಮಾಣ ಇಳಿಯುವುದರಿಂದ ಬರೀ ನೀರಿನಲ್ಲೇ ನುಂಗಬೇಕು. ಅದೇ ನೆಗಡಿ ಮಾತ್ರೆಗಳಲ್ಲಿರುವ ಇನ್ನೊಂದು ವಸ್ತು ಫಿನೈಲೆಫ್ರಿನ್ ಬಾಯಿಯ ಮೂಲಕ ಕೊಟ್ಟರೆ ಮೂಗು ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿತು. ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರೂ ಅದೇ ವರ್ಷ ಸೂಚಿಸಿದರು.

ಮೂಗು ಕಟ್ಟಿದವರು ಸಾಮಾನ್ಯವಾಗಿ ಮೊರೆಹೋಗುವುದು ಹನಿಗಳಿಗೆ: ಆಕ್ಸಿಮೆಟಜೊಲಿನ್, ಜೈಲೊಮೆಟಜೊಲಿನ್. ಹಾಕಿದ ಕೆಲವೇ ನಿಮಿಷದಲ್ಲಿ ಮೂಗು ತೆರೆಯುತ್ತದೆ. ಅಪಾಯ ಇರುವುದೂ ಅಲ್ಲಿಯೇ. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ, ಔಷಧದ ಪ್ರಭಾವ ಇಳಿದಾಗ ಮೂಗು ಮೊದಲಿಗಿಂತ ಬಿಗಿಯುತ್ತದೆ. ಮತ್ತೆ ಹನಿ, ಮತ್ತೆ ಬಿಗಿತ. ದಿಂಬಿನಡಿ ಹನಿಯ ಬಾಟಲಿಯಿಲ್ಲದೆ ಮಲಗಲಾಗದ ಸ್ಥಿತಿಗೆ ವರ್ಷಗಟ್ಟಲೆ ಸಿಕ್ಕಿಕೊಂಡವರಿದ್ದಾರೆ. ವೈದ್ಯರ ನೆರವಿನಿಂದ ಇದನ್ನು ಬಿಡಿಸಿಕೊಳ್ಳಲು ಸಾಧ್ಯ, ನಾಚಿಕೆ ಬೇಡ.

ಒಳಗಿನ ಉರಿಯೂತವನ್ನೇ ಇಳಿಸುವ ಔಷಧವೆಂದರೆ ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್: ಫ್ಲುಟಿಕಸೋನ್, ಮೊಮೆಟಸೋನ್, ಬುಡೆಸೊನೈಡ್. ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಚಿಕಿತ್ಸೆಯ ಬುನಾದಿ ಇದೇ. ಸೀನು, ನೀರು, ಬಿಗಿತ ಮೂರಕ್ಕೂ ಕೆಲಸ ಮಾಡುತ್ತದೆ, ಕಣ್ಣಿನ ನವೆಗೂ ಅಷ್ಟಿಷ್ಟು ಸಹಾಯವಾಗುತ್ತದೆ. ಸ್ಟಿರಾಯ್ಡ್ ಎಂದ ಕೂಡಲೇ ನಮ್ಮಲ್ಲಿ ಹೆದರಿಕೆ. ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಅಭ್ಯಾಸವಾಗಿಬಿಡುತ್ತದೆ ಎನ್ನುತ್ತಾರೆ. ಆ ಭಯ ಹುಟ್ಟಿದ್ದು ತಿಂಗಳುಗಟ್ಟಲೆ ನುಂಗುವ ಮಾತ್ರೆಗಳಿಂದ, ಚುಚ್ಚುಮದ್ದಿನಿಂದ. ಸ್ಪ್ರೇಯ ಪ್ರಮಾಣ ಮೈಕ್ರೊಗ್ರಾಮ್‌ಗಳಲ್ಲಿದೆ. ಫ್ಲುಟಿಕಸೋನ್, ಮೊಮೆಟಸೋನ್‌ಗಳಲ್ಲಿ ರಕ್ತಕ್ಕೆ ಸೇರುವುದು ಸರಿಸುಮಾರು ನೂರರಲ್ಲಿ ಒಂದೆರಡು ಭಾಗ ಮಾತ್ರ. ಇದಕ್ಕೆ ಯಾರೂ ದಾಸರಾಗುವುದಿಲ್ಲ. ಮೂಗು ಒಣಗುವುದು, ಆಗೊಮ್ಮೆ ಈಗೊಮ್ಮೆ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ ತೊಂದರೆ. ದೀರ್ಘಕಾಲ ಬಳಸುವ ಮಕ್ಕಳ ಎತ್ತರವನ್ನು ವೈದ್ಯರು ಗಮನಿಸುತ್ತಿರಬೇಕು, ಅದು ಸರಿಯಾದ ಎಚ್ಚರ. ಸ್ಟಿರಾಯ್ಡ್ ಎಂದು ಹೆದರಿ ಸ್ಪ್ರೇ ಬಿಟ್ಟವರು ‘ಸೀಸನ್ನಿಗೊಂದು ಇಂಜೆಕ್ಷನ್’ ಎಂದು ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವುದಂತೂ ತೀರಾ ದುಃಖದ ಸಂಗತಿ. ಹೆದರಬೇಕಾದದ್ದು ಆ ಸೂಜಿಗೆ.

ಸ್ಪ್ರೇ ಸೋಲುವುದು ಬಹಳ ಸಲ ಹಾಕುವ ಕ್ರಮದಿಂದ. ಮೊದಲು ಮೂಗು ಸೀಟಿಕೊಳ್ಳಿ. ತಲೆ ಕೊಂಚ ಮುಂದಕ್ಕೆ ಬಾಗಿರಲಿ, ಹಿಂದಕ್ಕೆ ಎತ್ತಬೇಡಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ. ಆಗ ಮೊನೆ ತಾನಾಗಿ ಆಯಾ ಬದಿಯ ಕಿವಿಯತ್ತ ತಿರುಗುತ್ತದೆ, ಮೂಗಿನ ನಡುಗೋಡೆಗೆ ಔಷಧ ಬಡಿಯುವುದಿಲ್ಲ, ರಕ್ತ ಬರುವುದು ತಪ್ಪುತ್ತದೆ. ಒತ್ತುವಾಗ ಮೆಲ್ಲಗೆ ಉಸಿರೆಳೆದರೆ ಸಾಕು. ಜೋರಾಗಿ ಸೆಳೆದರೆ ಔಷಧ ಗಂಟಲಿಗಿಳಿದು ಕಹಿಯಾಗುತ್ತದೆ, ಮೂಗಿಗೆ ಏನೂ ಸಿಗುವುದಿಲ್ಲ. ಹಾಕಿದ ತಕ್ಷಣ ಮೂಗು ತೆರೆಯುವುದಿಲ್ಲ, ಪೂರ್ಣ ಫಲಕ್ಕೆ ಒಂದೆರಡು ವಾರ ಬೇಕು. ಮೂರು ದಿನ ಹಾಕಿ ‘ಪ್ರಯೋಜನವಿಲ್ಲ’ ಎಂದು ಮೂಲೆಗೆಸೆದ ಬಾಟಲಿಗಳು ಎಷ್ಟು ಮನೆಗಳಲ್ಲಿ ಬಿದ್ದಿವೆಯೋ! ಸ್ಪ್ರೇ ಒಂದರಿಂದಲೇ ಹತೋಟಿಗೆ ಬಾರದವರಿಗೆ ಫ್ಲುಟಿಕಸೋನ್ ಜೊತೆ ಅಜೆಲಾಸ್ಟಿನ್ ಸೇರಿದ ಸ್ಪ್ರೇ ಇದೆ.

ಮಾಂಟೆಲುಕಾಸ್ಟ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಲಿವೊಸಿಟ್ರಿಜಿನ್ ಜೊತೆ ಸೇರಿದ ಇದರ ಮಾತ್ರೆಯನ್ನು ನಮ್ಮಲ್ಲಿ ಕೆಮ್ಮು ನೆಗಡಿಗೆಲ್ಲ ಧಾರಾಳವಾಗಿ ಬರೆಯುತ್ತಾರೆ, ಜನ ತಾವಾಗಿ ಕೊಂಡೂ ತಿನ್ನುತ್ತಾರೆ. ಕೆಲವರಲ್ಲಿ, ಮಕ್ಕಳಲ್ಲೂ, ಇದು ದುಃಸ್ವಪ್ನ, ಸಿಡುಕು, ಖಿನ್ನತೆ, ಆತ್ಮಹತ್ಯೆಯ ಯೋಚನೆಯವರೆಗೆ ಮನಸ್ಸನ್ನು ಕದಡಬಹುದೆಂದು ಅಮೆರಿಕದ ನಿಯಂತ್ರಣ ಸಂಸ್ಥೆ 2020ರ ಮಾರ್ಚಿನಲ್ಲಿ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. ಬೇರೆ ಔಷಧಗಳು ಫಲ ಕೊಡದಿದ್ದಾಗ ಮಾತ್ರ ಮೂಗಿನ ಅಲರ್ಜಿಗೆ ಇದನ್ನು ಬಳಸಿ ಎಂದಿತು. ಆಸ್ತಮಾಕ್ಕೆಂದು ವೈದ್ಯರು ಕೊಟ್ಟಿದ್ದರೆ ತಾವಾಗಿಯೇ ನಿಲ್ಲಿಸಬಾರದು. ಆದರೆ ಮಗುವಿನ ವರ್ತನೆ ಬದಲಾಗಿದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ.

ಉಪ್ಪುನೀರಿನಿಂದ ಮೂಗು ತೊಳೆಯುವುದು ಅಗ್ಗದ, ನಿಜವಾದ ಸಹಾಯ. ಯೋಗಾಭ್ಯಾಸಿಗಳು ಜಲನೇತಿ ಎನ್ನುವುದು ಇದನ್ನೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಸುಮಾರು ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು. ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ಇಲ್ಲಿ ರಿಯಾಯಿತಿ ಇಲ್ಲ. ಕೇರಳದಲ್ಲಿ ಈಚಿನ ವರ್ಷಗಳಲ್ಲಿ ಜೀವ ತೆಗೆದ ಮಿದುಳಿನ ಅಮೀಬಾ ಸೋಂಕು ದೇಹಕ್ಕೆ ಪ್ರವೇಶಿಸುವುದು ಮೂಗಿನಿಂದ. ಅಮೆರಿಕದ ಲೂಸಿಯಾನದಲ್ಲಿ 2011ರಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಇದೇ ಸೋಂಕಿನಿಂದ ತೀರಿಕೊಂಡರು. ಹಬೆ ತೆಗೆದುಕೊಂಡರೆ ಆ ಹೊತ್ತಿಗೆ ಹಿತವೆನಿಸಬಹುದು, ಕಾಯಿಲೆಗೆ ಅದರಿಂದ ಏನೂ ಆಗುವುದಿಲ್ಲ. ಮಕ್ಕಳ ಮುಂದೆ ಕುದಿನೀರಿನ ಪಾತ್ರೆ ಇಡುವುದಂತೂ ಬೇಡವೇ ಬೇಡ.

ಕಾಯಿಲೆಯ ಮೂಲಕ್ಕೇ ಕೈ ಹಾಕುವ ಚಿಕಿತ್ಸೆ ಒಂದಿದೆ, ಇಮ್ಯುನೊಥೆರಪಿ. ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಎಂಬ ತರುಣ ವೈದ್ಯ 1911ರಲ್ಲಿ ಹುಲ್ಲಿನ ಪರಾಗದ ಸಾರವನ್ನು ಅಲ್ಪಸ್ವಲ್ಪವಾಗಿ ಚುಚ್ಚುತ್ತ ರೋಗಿಯ ಸಹನೆಯನ್ನು ಹೆಚ್ಚಿಸುವ ಕ್ರಮವನ್ನು ವರದಿ ಮಾಡಿದರು. ಎರಡೇ ವರ್ಷದಲ್ಲಿ ಕ್ಷಯದಿಂದ ತೀರಿಕೊಂಡರು, ವಿಧಾನ ಉಳಿಯಿತು. ಇಂದು ಚುಚ್ಚುಮದ್ದಾಗಿಯೂ ನಾಲಿಗೆಯಡಿಯ ಹನಿ, ಮಾತ್ರೆಯಾಗಿಯೂ ಇದೆ. ಮೂರರಿಂದ ಐದು ವರ್ಷ ಬೇಕು, ನಿಲ್ಲಿಸಿದ ಮೇಲೂ ವರ್ಷಗಳ ಕಾಲ ಫಲ ಉಳಿಯಬಲ್ಲದು. ಯಾವ ವಸ್ತುವಿನಿಂದ ಅಲರ್ಜಿಯೆಂದು ಸ್ಪಷ್ಟವಾಗಿ ಗೊತ್ತಾದವರಿಗೆ ಮಾತ್ರ ಇದು. ತಕ್ಷಣ ತೀವ್ರ ಪ್ರತಿಕ್ರಿಯೆ ಬರುವ ಸಾಧ್ಯತೆ ಇರುವುದರಿಂದ ಅಡ್ರಿನಲಿನ್ ಸಿದ್ಧವಿರುವ ಕಡೆಯೇ ಚುಚ್ಚಿಸಿಕೊಂಡು ಅರ್ಧ ಗಂಟೆ ಅಲ್ಲೇ ಕುಳಿತಿರಬೇಕು.

ಆ ವಸ್ತು ಯಾವುದೆಂದು ತಿಳಿಯಲು ಚರ್ಮದ ಚುಚ್ಚು ಪರೀಕ್ಷೆಯಿದೆ, ಹದಿನೈದಿಪ್ಪತ್ತು ನಿಮಿಷದಲ್ಲಿ ಫಲಿತಾಂಶ. ಒಂದೇ ರಕ್ತಪರೀಕ್ಷೆಯಲ್ಲಿ ನೂರಾರು ಆಹಾರಗಳ ಅಲರ್ಜಿ ಹೇಳುತ್ತೇವೆನ್ನುವ ದುಬಾರಿ ಪ್ಯಾಕೇಜುಗಳಿಗೆ ದುಡ್ಡು ಕೊಡಬೇಡಿ. ಕಾಗದದಲ್ಲಿ ಪಾಸಿಟಿವ್ ಬಂದದ್ದೆಲ್ಲ ಕಾಯಿಲೆಯಲ್ಲ. ಆ ವಸ್ತು ತಾಗಿದಾಗ ನಿಮಗೆ ತೊಂದರೆಯಾಗುತ್ತದೆಯೇ ಎಂಬುದೇ ಪ್ರಶ್ನೆ. ಪ್ಯಾಕೇಜು ನಂಬಿ ಬೆಳೆಯುವ ಮಕ್ಕಳಿಗೆ ಹಾಲು, ಮೊಟ್ಟೆ, ಗೋಧಿ ಬಿಡಿಸಿದವರಿದ್ದಾರೆ. ಮೊಸರು, ಬಾಳೆಹಣ್ಣು, ತಲೆಸ್ನಾನಗಳೂ ಈ ಕಾಯಿಲೆಗೆ ಕಾರಣವಲ್ಲ.

ಮೂಗು, ಶ್ವಾಸಕೋಶ ಒಂದೇ ದಾರಿಯ ಎರಡು ತುದಿ. ಆಸ್ತಮಾ ಇರುವವರಲ್ಲಿ ಬಹುಪಾಲು ಮಂದಿಗೆ ಮೂಗಿನ ಅಲರ್ಜಿಯೂ ಇರುತ್ತದೆ, ಮತ್ತು ಮೂಗು ಕೆಟ್ಟಷ್ಟೂ ಆಸ್ತಮಾ ಹತೋಟಿ ತಪ್ಪುತ್ತದೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಆಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ರಲ್ಲಿ ಶೇ 29.5 ಆಯಿತೆಂದು ದಾಖಲಿಸಿದ್ದರು. ಆಸ್ಪತ್ರೆಗೆ ಬಂದವರ ಲೆಕ್ಕವಾದ್ದರಿಂದ ಇಡೀ ನಗರಕ್ಕೆ ಅದನ್ನೇ ಅನ್ವಯಿಸಲಾಗದು. ಆದರೂ ಗತಿ ಯಾವ ದಿಕ್ಕಿನದೆಂದು ತೋರಿಸಲು ಸಾಕು.

ಮಕ್ಕಳು ‘ಮೂಗು ಕಟ್ಟಿದೆ’ ಎಂದು ದೂರುವುದಿಲ್ಲ, ಅವರಿಗೆ ಅದೇ ಸಹಜವಾಗಿಬಿಟ್ಟಿರುತ್ತದೆ. ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದಿರುತ್ತದೆ, ಕಣ್ಣಿನಡಿ ಕಪ್ಪು ಛಾಯೆ ಇರುತ್ತದೆ, ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾರೆ. ನಿದ್ದೆ ಕೆಟ್ಟ ಮಗು ತರಗತಿಯಲ್ಲಿ ತೂಕಡಿಸಿದರೆ ಸೋಮಾರಿ ಎಂಬ ಬಿರುದು ಸಿಗುತ್ತದೆ.

ವಾರಕ್ಕೆ ನಾಲ್ಕು ದಿನದಂತೆ ಒಂದು ತಿಂಗಳು ಮೂಗು ಕಾಡಿದ್ದರೆ, ನಿದ್ದೆಯನ್ನೋ ಕೆಲಸವನ್ನೋ ಕೆಡಿಸಿದ್ದರೆ, ಮೆಡಿಕಲ್ ಸ್ಟೋರಿಗೆ ಹೋಗುವ ಬದಲು ವೈದ್ಯರಲ್ಲಿಗೆ ಹೋಗಿ. ಸ್ಪ್ರೇ ಬರೆದರೆ ಹೇಗೆ ಹಾಕಬೇಕೆಂದು ಅವರ ಎದುರೇ ಹಾಕಿ ತೋರಿಸಿಕೊಳ್ಳಿ. ಎದೆಯಲ್ಲಿ ಸಿಳ್ಳೆ, ಓಡಿದರೆ ಕೆಮ್ಮು ಇದ್ದರೆ ಅದನ್ನೂ ಹೇಳಿ. ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬರುತ್ತಿದ್ದರೆ, ಮಗುವಿನ ಒಂದು ಹೊಳ್ಳೆಯಿಂದ ನಾತದ ಸಿಂಬಳ ಇಳಿಯುತ್ತಿದ್ದರೆ ಅಲರ್ಜಿಯೆಂದು ಸುಮ್ಮನಿರಬೇಡಿ. ಮಗುವಿನ ಮೂಗಿನಲ್ಲಿ ಬಟಾಣಿಯೋ ಮಣಿಯೋ ಸಿಕ್ಕಿರಬಹುದು, ತಡಮಾಡದೆ ಇಎನ್‌ಟಿ ವೈದ್ಯರಿಗೆ ತೋರಿಸಿ.